ರಾಗಿ ಹೊಲದ ಜಮಾಖರ್ಚು

ಗೊಬ್ಬರದ ವಿಚಾರವನ್ನು ಕಾಲೇಜು ಸಂಚಿಕೆಗೆ ಬರೆಯುವುದುಂಟೆ ಎಂದು ಕೆಲವರು ಮೂಗು ಮುರಿಯಬಹುದು. ಕವಿತೆ, ಕಥೆ, ಪ್ರವಾಸ ಕಥನಗಳ ನಡುವೆ ತಿಪ್ಪೆಗೇನು ಕೆಲಸ ಎಂದು ಕೇಳುವವರೂ ಇದ್ದಾರು. ಆದರೆ ನಮ್ಮ ತರಗತಿಯಲ್ಲಿ ಕುಳಿತವರ ಪೈಕಿ ಬಹುಮಂದಿಯ ಫೀಜು, ಬಸ್ ಪಾಸು, ಪುಸ್ತಕ ಎಲ್ಲವೂ ಹೊರಟುಬಂದದ್ದು ಆ ತಿಪ್ಪೆಯಿಂದಲೇ ಅಲ್ಲವೆ? ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ರಸಾಯನಶಾಸ್ತ್ರವನ್ನು ಪ್ರೌಢಶಾಲೆಯ ಮಟ್ಟಕ್ಕಿಂತ ಮೇಲೆ ಓದಿದವನಲ್ಲ. ಆದರೂ ಈ ಗೊಬ್ಬರದ ವಿಚಾರವು ಕೊನೆಗೆ ಒಂದು ಜಮಾಖರ್ಚಿನ ವಿಚಾರವೇ ಆಗಿರುವುದರಿಂದ ಅದನ್ನು ಕುರಿತು ನಾಲ್ಕು ಮಾತು ಹೇಳುವ ಧೈರ್ಯ ಮಾಡಿದ್ದೇನೆ.

ಸಾಸಲು, ದೊಡ್ಡಬಳ್ಳಾಪುರ ತಾಲ್ಲೂಕಿನ ಐದು ಹೋಬಳಿಗಳಲ್ಲೊಂದು. ಕಾಲುವೆಯ ನೀರು ಕಂಡ ಸೀಮೆಯಲ್ಲ. ಮಳೆ ಬಂದರೆ ರಾಗಿ, ಜೊತೆಗೆ ಅವರೆ, ತೊಗರಿ. ಈಚಿನ ವರ್ಷಗಳಲ್ಲಿ ಮುಸುಕಿನ ಜೋಳ. ಕೊಳವೆ ಬಾವಿಯಲ್ಲಿ ನೀರು ಸಿಕ್ಕ ಪುಣ್ಯವಂತರಿಗೆ ತರಕಾರಿ, ಹಿಪ್ಪುನೇರಳೆ. ಮಣ್ಣು ಬಹುಮಟ್ಟಿಗೆ ಕೆಂಪು. ಉತ್ತ ಹೊಲದ ಮೇಲೆ ಒಂದು ಹದ ಮಳೆ ಬಿದ್ದ ಮಾರನೆಯ ದಿನ ಆ ಕೆಂಪನ್ನು ನೋಡಬೇಕು; ಕಣ್ಣಿಗೆ ಹಬ್ಬ. ಆದರೆ ಈ ಮಣ್ಣಿನ ಹೊಟ್ಟೆ ಸಣ್ಣದು. ಕಪ್ಪು ಎರೆಮಣ್ಣು ನೀರನ್ನೂ ಸಾರವನ್ನೂ ಕಣಜದಂತೆ ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ ಮರಳಿನ ಅಂಶ ಹೆಚ್ಚು. ಇರುವ ಜೇಡಿಯೂ ಪೋಷಕಾಂಶಗಳನ್ನು ಬಿಗಿಯಾಗಿ ಹಿಡಿದುಕೊಳ್ಳತಕ್ಕ ಜಾತಿಯದಲ್ಲ. ಹಾಕಿದ ಸಾರಜನಕವು ಜೋರು ಮಳೆಗೆ ಬೇರನ್ನು ದಾಟಿ ಕೆಳಗಿಳಿದುಹೋಗುತ್ತದೆ. ರಂಜಕದ ಕಥೆ ಇದಕ್ಕೆ ವಿರುದ್ಧ. ಮಣ್ಣಿಗೆ ಕೆಂಪು ಬಣ್ಣವನ್ನು ಕೊಟ್ಟಿರುವ ಕಬ್ಬಿಣವೇ ರಂಜಕವನ್ನು ಅಪ್ಪಿ ಹಿಡಿದುಕೊಂಡು, ಬೇರು ಬೇಡಿದರೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಒಂದು ನಿಲ್ಲುವುದಿಲ್ಲ, ಇನ್ನೊಂದು ಕದಲುವುದಿಲ್ಲ. ಈ ಎರಡರ ನಡುವೆ ನಮ್ಮವರು ತಲೆತಲಾಂತರದಿಂದ ರಾಗಿ ಬೆಳೆದು ಬದುಕಿದ್ದಾರೆ ಎಂಬುದು ಸಣ್ಣ ಮಾತಲ್ಲ.

ಗಿಡಕ್ಕೆ ಬೇಕಾದ ಮೂಲವಸ್ತುಗಳು 17 ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಅವುಗಳಲ್ಲಿ ಇಂಗಾಲ, ಜಲಜನಕ, ಆಮ್ಲಜನಕ ಈ ಮೂರನ್ನು ಗಾಳಿಯೂ ನೀರೂ ಧರ್ಮಕ್ಕೆ ಕೊಡುತ್ತವೆ. ಉಳಿದ 14 ಮಣ್ಣಿನಿಂದ ಬರಬೇಕು. ಸಾರಜನಕ, ರಂಜಕ, ಪೊಟ್ಯಾಷ್ ಇವು ಹೆಚ್ಚು ಪ್ರಮಾಣದಲ್ಲಿ. ಸುಣ್ಣ, ಗಂಧಕ, ಮೆಗ್ನೀಷಿಯಂ ನಡುತರ. ಸತು, ಬೋರಾನ್, ಕಬ್ಬಿಣ, ತಾಮ್ರ ಮುಂತಾದವು ಚಿಟಿಕೆಯಷ್ಟು. ಚಿಟಿಕೆಯಷ್ಟು ಎಂದರೆ ಇಲ್ಲದಿದ್ದರೂ ನಡೆಯುತ್ತದೆ ಎಂದಲ್ಲ. ಮುದ್ದೆ ಮಾಡುವ ತಾಯಿಯನ್ನು ಕೇಳಿ: ಹಿಟ್ಟು ಎರಡು ಸೇರಿದ್ದು ನೀರು ಒಂದೇ ಪಾವು ಇದ್ದರೆ ಎಷ್ಟು ಮುದ್ದೆಯಾದೀತು? ನೀರಿಗೆ ತಕ್ಕಷ್ಟೇ. ಮತ್ತೆರಡು ಸೇರು ಹಿಟ್ಟನ್ನು ತಂದು ಸುರಿದರೆ ಹಿಟ್ಟು ಕೆಟ್ಟೀತೇ ಹೊರತು ಮುದ್ದೆ ಹೆಚ್ಚುವುದಿಲ್ಲ. ಬೆಳೆಯೂ ಹಾಗೆಯೇ, ಯಾವ ಅಂಶವು ಅತ್ಯಂತ ಕಡಿಮೆಯಿದೆಯೋ ಅದೇ ಇಳುವರಿಗೆ ಮಿತಿ ಹಾಕುತ್ತದೆ. ಜರ್ಮನಿಯ ಕಾರ್ಲ್ ಸ್ಪ್ರೆಂಗೆಲ್ 1828ರಲ್ಲಿ ಈ ಮಾತನ್ನು ಹೇಳಿದ್ದ. 1840ರ ನಂತರ ಅದನ್ನು ಲೋಕಕ್ಕೆಲ್ಲ ಸಾರಿದ ಕೀರ್ತಿ ಅವನ ದೇಶದವನೇ ಆದ ಲೀಬಿಗ್‌ನ ಪಾಲಾಯಿತು. ವಿದ್ವಾಂಸರ ಲೋಕದಲ್ಲಿಯೂ ಬಿತ್ತಿದವನೊಬ್ಬ, ಒಕ್ಕಣೆ ಮಾಡಿದವನೊಬ್ಬ!

ಈಗ ನಮ್ಮ ಹಿರಿಯರು ಈ ಜಮಾಖರ್ಚನ್ನು ಹೇಗೆ ನಡೆಸಿದರು ಎಂಬುದನ್ನು ನೋಡೋಣ. ಬರಹ ಬಾರದಿದ್ದರೂ ಅವರು ಲೆಕ್ಕ ಬಾರದವರಾಗಿರಲಿಲ್ಲ. ಹೊಲದಿಂದ ರಾಗಿ ಮನೆಗೆ ಬಂತು. ಹುಲ್ಲು ಬಣವೆಗೆ ಹೋಯಿತು. ಹುಲ್ಲನ್ನು ದನ ತಿಂದವು. ಸಗಣಿ, ಗಂಜಲ, ಕಸಕಡ್ಡಿ, ಒಲೆಯ ಬೂದಿ ತಿಪ್ಪೆಗೆ ಬಿದ್ದವು. ಯುಗಾದಿ ಕಳೆದ ಮೇಲೆ ತಿಪ್ಪೆ ಗಾಡಿಯೇರಿ ಮತ್ತೆ ಹೊಲ ಸೇರಿತು. ಧಾನ್ಯದಲ್ಲಿ ಸಾರಜನಕ, ರಂಜಕಗಳು ಹೆಚ್ಚು. ಪೊಟ್ಯಾಷಿನ ಬಹುಭಾಗ ಇರುವುದು ಹುಲ್ಲಿನಲ್ಲಿ. ಆದುದರಿಂದ ಹುಲ್ಲು ಊರಿನಲ್ಲೇ ಉಳಿದು ಸಗಣಿಯಾಗಿ ಹಿಂದಿರುಗುವವರೆಗೆ ಹೊಲದ ಪೊಟ್ಯಾಷ್ ಊರು ಬಿಟ್ಟು ಹೋಗುತ್ತಿರಲಿಲ್ಲ. ಅಷ್ಟಕ್ಕೇ ಅವರು ನಿಲ್ಲಿಸಲಿಲ್ಲ. ಬೇಸಿಗೆಯಲ್ಲಿ ಬತ್ತಿದ ಕೆರೆಯ ಗೋಡನ್ನು ಹೊಲಕ್ಕೆ ಹೊಡೆದರು. ಮಳೆಯು ಮೇಲ್ಭಾಗದ ಹೊಲಗಳಿಂದ ಕೊಚ್ಚಿಕೊಂಡು ಹೋಗಿದ್ದ ನುಣ್ಣನೆಯ ಮಣ್ಣನ್ನು ಹೀಗೆ ವಾಪಸು ವಸೂಲು ಮಾಡಿದಂತಾಯಿತು. ಕುರಿಯವರಿಗೆ ಕಾಳು ಕೊಟ್ಟು ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿದರು. ಹೊಂಗೆಯ ಸೊಪ್ಪನ್ನು ತುಳಿಸಿದರು, ಹಿಂಡಿಯನ್ನು ಹಾಕಿದರು.

ಎಲ್ಲಕ್ಕಿಂತ ಮಿಗಿಲಾದದ್ದು ಅಕ್ಕಡಿ ಸಾಲು. ರಾಗಿಯ ನಡುವೆ ಇಷ್ಟಿಷ್ಟು ಸಾಲಿಗೊಮ್ಮೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆಗಳನ್ನು ಇಕ್ಕುವ ಪದ್ಧತಿ ಇದು. ನಾವು ಉಸಿರಾಡುವ ಗಾಳಿಯ ಐದರಲ್ಲಿ ಸುಮಾರು ನಾಲ್ಕು ಪಾಲು ಸಾರಜನಕವೇ. ಆದರೆ ರಾಗಿಯ ಗಿಡಕ್ಕೆ ಅದು ಸಮುದ್ರದ ನಡುವೆ ನಿಂತವನಿಗೆ ನೀರು ಇದ್ದಂತೆ. ಸುತ್ತಲೂ ಇದೆ, ಕುಡಿಯಲಾಗದು. ಅವರೆ, ತೊಗರಿಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳಿಗೆ ಮಾತ್ರ ಆ ಸಾರಜನಕವನ್ನು ಗಿಡದ ಆಹಾರವಾಗಿ ಮಾರ್ಪಡಿಸುವ ವಿದ್ಯೆ ಗೊತ್ತು. ಅವರೆಯ ಸೊಗಡಿಗಾಗಿ ಅಕ್ಕಡಿ ಇಕ್ಕಿದರೆಂದು ನಾವು ತಿಳಿದಿದ್ದೇವೆ. ಅದೂ ನಿಜ, ಇದೂ ನಿಜ.

ಹಾಗೆಂದು ಹಳೆಯ ಕಾಲವನ್ನು ಕೊಂಡಾಡುವುದು ನನ್ನ ಉದ್ದೇಶವಲ್ಲ. ತಿಪ್ಪೆಯೊಂದನ್ನೇ ನಂಬಿದ ಹೊಲದಲ್ಲಿ ಬರುತ್ತಿದ್ದ ಬೆಳೆ ಅಲ್ಪವೇ ಆಗಿತ್ತು. ತಿಪ್ಪೆಯನ್ನು ನಾವು ಸರಿಯಾಗಿ ಮಾಡಿದವರೂ ಅಲ್ಲ. ದನದ ಗಂಜಲದಲ್ಲಿ ಸಾರಜನಕದ ಅರ್ಧದಷ್ಟೂ ಪೊಟ್ಯಾಷಿನ ಬಹುಭಾಗವೂ ಇರುತ್ತವೆ. ಅದು ಕೊಟ್ಟಿಗೆಯ ನೆಲದಲ್ಲೇ ಇಂಗಿಹೋಯಿತು. ಸಗಣಿ ಬೆರಣಿಯಾಗಿ ಒಲೆಗೆ ಹೋಯಿತು. ಉಳಿದದ್ದು ಬಿಸಿಲು ಮಳೆಗೆ ಬಾಯಿಬಿಟ್ಟು ಬಿದ್ದು ಸಾರ ಕಳೆದುಕೊಂಡಿತು. ಹೊಲಕ್ಕೆ ಹೊಡೆದ ಮೇಲೂ ಗುಡ್ಡೆಗುಡ್ಡೆಯಾಗಿ ತಿಂಗಳುಗಟ್ಟಲೆ ಒಣಗಲು ಬಿಡುವುದು ಇಂದಿಗೂ ಕಾಣುವ ನೋಟ. ಈ ನಷ್ಟವನ್ನು ತಡೆಯುವ ಉಪಾಯವೊಂದಕ್ಕೆ ನಮ್ಮ ನೆರೆಯ ನಗರದ ಹೆಸರೇ ಇದೆ ಎಂಬುದು ಅನೇಕರಿಗೆ ತಿಳಿಯದು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯ ಅವರು ರೂಪಿಸಿದ ಕಾಂಪೋಸ್ಟಿನ ಕ್ರಮವನ್ನು ಇಂದಿಗೂ 'ಬೆಂಗಳೂರು ವಿಧಾನ'ವೆಂದೇ ಕರೆಯುತ್ತಾರೆ. ಗುಂಡಿ ತೆಗೆದು, ಕಸವನ್ನೂ ಸಗಣಿಯನ್ನೂ ಪದರಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ ಮುಚ್ಚಿಬಿಡುವುದು. ಆರೆಂಟು ತಿಂಗಳು ತಿರುವಿ ಹಾಕುವ ಗೋಜಿಲ್ಲ. ಗಾಳಿ ಬಿಸಿಲು ತಾಗದುದರಿಂದ ಸಾರಜನಕ ಹೆಚ್ಚು ಉಳಿಯುತ್ತದೆ. ಬೆಂಗಳೂರಿನ ಹೆಸರು ಹೊತ್ತ ಈ ಗುಂಡಿಯು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಎಷ್ಟು ಹಿತ್ತಿಲುಗಳಲ್ಲಿ ಇದೆ ಎಂಬುದನ್ನು ವಾಚಕರೇ ತಮ್ಮ ತಮ್ಮ ಊರಿನಲ್ಲಿ ಎಣಿಸಿ ನೋಡಬಹುದು.

ಇನ್ನು ಸೀಮೆಗೊಬ್ಬರ. ನಮ್ಮ ಅಜ್ಜಿಯ ಬಾಯಲ್ಲಿ ರಸಾಯನ ಗೊಬ್ಬರಕ್ಕೆ ಇರುವ ಹೆಸರು ಅದು. ಸೀಮೆಯಿಂದ ಬಂದದ್ದು ಎಂಬುದು ಒಂದು ಅರ್ಥದಲ್ಲಿ ನಿಜವೇ. ಗಾಳಿಯ ಸಾರಜನಕವನ್ನು ಕಾರ್ಖಾನೆಯಲ್ಲಿ ಹಿಡಿಯುವ ಬಗೆಯನ್ನು 1909ರಲ್ಲಿ ಜರ್ಮನಿಯ ಫ್ರಿಟ್ಸ್ ಹಾಬರ್ ತೋರಿಸಿಕೊಟ್ಟ. ಕಾರ್ಲ್ ಬಾಷ್ ಅದನ್ನು ದೊಡ್ಡ ಪ್ರಮಾಣದಲ್ಲಿ ನಡೆಯುವಂತೆ ಮಾಡಿದ. 1913ರಲ್ಲಿ ಓಪ್ಪೌ ಎಂಬಲ್ಲಿ ಕಾರ್ಖಾನೆ ಹೊಗೆಯಾಡಿತು. ಅದೇ ಅಮೋನಿಯವು ಮರುವರ್ಷ ಆರಂಭವಾದ ಮಹಾಯುದ್ಧದಲ್ಲಿ ಮದ್ದುಗುಂಡಿಗೂ ಆಧಾರವಾಯಿತೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ನಮ್ಮ ದೇಶದಲ್ಲಿ ಸಿಂದ್ರಿಯ ಕಾರ್ಖಾನೆ 1951ರಲ್ಲಿ ಉತ್ಪಾದನೆಗೆ ತೊಡಗಿತು. ಕರ್ನಾಟಕದ ಯೂರಿಯಾ ಕಾರ್ಖಾನೆ ಮಂಗಳೂರಿನ ಪಣಂಬೂರಿನಲ್ಲಿ 1976ರಲ್ಲಿ ಕೆಲಸ ಆರಂಭಿಸಿತು. ಆದರೆ ಮಣ್ಣನ್ನು ಪರೀಕ್ಷೆ ಮಾಡಿ ಗೊಬ್ಬರ ಹಾಕಬೇಕೆಂಬ ವಿಚಾರ ನಮ್ಮ ಭಾಗಕ್ಕೆ ಇವೆಲ್ಲಕ್ಕಿಂತ ಹಳೆಯದು. 1899ರಲ್ಲಿ, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿದ್ದ ಕಾಲದಲ್ಲಿ, ಹೆಬ್ಬಾಳದಲ್ಲಿ ಅವರು ದಾನವಿತ್ತ 30 ಎಕರೆ ಭೂಮಿಯ ಮೇಲೆ ಪ್ರಾಯೋಗಿಕ ಕ್ಷೇತ್ರ ಸ್ಥಾಪನೆಯಾಯಿತು, ಡಾ. ಲೇಮನ್ ಎಂಬ ರಸಾಯನಶಾಸ್ತ್ರಜ್ಞರು ಅಲ್ಲಿ ಮೈಸೂರು ಸೀಮೆಯ ಮಣ್ಣು ಬೆಳೆಗಳ ಸಂಬಂಧವನ್ನು ಪರೀಕ್ಷಿಸತೊಡಗಿದರು. ಅದೇ ಹೆಬ್ಬಾಳದ ಪರಂಪರೆಯಿಂದ 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಹುಟ್ಟಿತು. ಸಾಸಲಿನವರಿಗೆ ಹೆಬ್ಬಾಳ ದೂರವಲ್ಲ. ಬೆಂಗಳೂರಿಗೆ ಹೋಗುವ ಬಸ್ಸು ಆ ಕಡೆಯಿಂದಲೇ ಹಾಯುತ್ತದೆ.

ಚೀಲದ ಮೇಲೆ ಅಚ್ಚಾಗಿರುವ ಅಂಕಿಗಳನ್ನು ಓದುವುದು ಕಷ್ಟವಲ್ಲ. 18:46:0 ಎಂದರೆ ನೂರು ಕಿಲೋ ಡಿ.ಎ.ಪಿ.ಯಲ್ಲಿ ಸಾರಜನಕ 18 ಕಿಲೋ, ರಂಜಕ 46 ಕಿಲೋ, ಪೊಟ್ಯಾಷ್ ಏನೂ ಇಲ್ಲ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46, ಬೇರೇನೂ ಇಲ್ಲ. ಮ್ಯೂರಿಯೇಟ್ ಆಫ್ ಪೊಟ್ಯಾಷಿನಲ್ಲಿ ಪೊಟ್ಯಾಷ್ ನೂರಕ್ಕೆ 60. ಮಳೆಯಾಶ್ರಿತ ರಾಗಿಗೆ ಎಕರೆಯೊಂದಕ್ಕೆ ಸಾರಜನಕ 20 ಕಿಲೋ, ರಂಜಕ 16 ಕಿಲೋ, ಪೊಟ್ಯಾಷ್ 10ರಿಂದ 15 ಕಿಲೋ ಎಂಬುದು ಸಾಮಾನ್ಯ ಶಿಫಾರಸು. ಇದನ್ನು ಚೀಲಕ್ಕೆ ಇಳಿಸೋಣ. 35 ಕಿಲೋ ಡಿ.ಎ.ಪಿ. ಹಾಕಿದರೆ ರಂಜಕ 16 ಕಿಲೋ ಪೂರ್ತಿಯಾಗಿ, ಸಾರಜನಕವೂ 6 ಕಿಲೋಗೆ ಮೇಲ್ಪಟ್ಟು ಬಂದುಬಿಡುತ್ತದೆ. ಉಳಿದ ಸಾರಜನಕಕ್ಕೆ 30 ಕಿಲೋ ಯೂರಿಯಾ ಸಾಕು. ಪೊಟ್ಯಾಷಿಗೆ 17ರಿಂದ 25 ಕಿಲೋ ಮ್ಯೂರಿಯೇಟ್. ಅಂದರೆ ಎಕರೆಗೆ ಒಂದು ಚೀಲ ಯೂರಿಯಾ ಕೂಡ ಬೇಕಾಗಿಲ್ಲ. ಈಗಿನ 45 ಕಿಲೋ ಚೀಲದಲ್ಲಿ ಮೂರನೆಯ ಒಂದು ಪಾಲು ಉಳಿಯಬೇಕು. ನಮ್ಮ ಕಡೆ ಅದು ಉಳಿದುದನ್ನು ನಾನು ಕಂಡದ್ದು ಅಪರೂಪ. ಡಿ.ಎ.ಪಿ. ಬದಲು 100 ಕಿಲೋ ಸೂಪರ್ ಫಾಸ್ಫೇಟ್ ಹಾಕಿದರೂ ರಂಜಕದ ಲೆಕ್ಕ ಅಷ್ಟೇ. ಆದರೆ ಅದರ ಜೊತೆಗೆ ಗಂಧಕ ಸುಮಾರು 11 ಕಿಲೋ, ಮೇಲೆ ಸುಣ್ಣದ ಅಂಶವೂ ದೊರೆಯುತ್ತವೆ. ಹಾಗೆ ಮಾಡಿದಾಗ ಯೂರಿಯಾವನ್ನು ಸುಮಾರು 43 ಕಿಲೋಗೆ ಏರಿಸಬೇಕು. ಒಂದು ಚೀಲ ಹೊತ್ತು ತರುವ ಕಡೆ ಎರಡು ಚೀಲ ಹೊರಬೇಕಲ್ಲ ಎಂಬ ಸಂಕಟವೇ ಸೂಪರ್ ಫಾಸ್ಫೇಟನ್ನು ಮೂಲೆಗೆ ತಳ್ಳಿತೆಂದು ಕಾಣುತ್ತದೆ.

ಯಾವಾಗ ಹಾಕಬೇಕೆಂಬುದೂ ಎಷ್ಟೆಂಬುದರಷ್ಟೇ ಮುಖ್ಯ. ರಂಜಕವನ್ನೂ ಪೊಟ್ಯಾಷನ್ನೂ ಪೂರ್ತಿಯಾಗಿ ಬಿತ್ತನೆಯ ಕಾಲದಲ್ಲೇ, ಬೇರಿನ ಹತ್ತಿರ ಬೀಳುವಂತೆ ಕೂರಿಗೆಯ ಸಾಲಿನಲ್ಲಿ ಕೊಡಬೇಕು. ಕದಲದ ವಸ್ತುವನ್ನು ಮೇಲೆ ಎರಚಿ ಫಲವಿಲ್ಲ. ಸಾರಜನಕದಲ್ಲಿ ಅರ್ಧ ಮಾತ್ರ ಆಗ; ಉಳಿದರ್ಧ ತಿಂಗಳೊಪ್ಪತ್ತಿನೊಳಗೆ, ನೆಲದಲ್ಲಿ ಹಸಿಯಿರುವಾಗ, ಎಡೆಕುಂಟೆ ಹೊಡೆಯುವ ಮುಂಚೆ. ಒಣನೆಲದ ಮೇಲೆ ಎರಚಿದ ಯೂರಿಯಾದಲ್ಲಿ ಒಂದು ಭಾಗ ಅಮೋನಿಯವಾಗಿ ಗಾಳಿಗೆ ಹಾರಿಹೋಗುತ್ತದೆ. ಹೆಚ್ಚಾದರೂ ಕೇಡೇ. ಪೈರು ಕಡುಹಸಿರಾಗಿ ಸೊಕ್ಕಿ, ತೆನೆ ಬರುವ ಹೊತ್ತಿಗೆ ನೆಲಕ್ಕೆ ಮಲಗುತ್ತದೆ. ಬೆಂಕಿ ರೋಗಕ್ಕೂ ಸುಲಭವಾಗಿ ತುತ್ತಾಗುತ್ತದೆ. ಕಡುಹಸಿರನ್ನು ಕಂಡು ಹಿಗ್ಗುವುದು ನಮ್ಮ ದೌರ್ಬಲ್ಯ. ಬದುವಿನ ಮೇಲೆ ನಿಂತು ನೋಡಿದರೆ ಯೂರಿಯಾದ ಕೆಲಸ ಎಂಟು ದಿನದಲ್ಲಿ ಕಾಣುತ್ತದೆ. ಪೊಟ್ಯಾಷ್ ಮಾಡಿದ ಕೆಲಸ ಕಣ್ಣಿಗೆ ಕಾಣುವುದೇ ಇಲ್ಲ, ಕಣದಲ್ಲಿ ಕಾಣುತ್ತದೆ.

ಆದರೆ ರೈತನ ಕಣ್ಣೊಂದನ್ನೇ ದೂರುವುದು ನ್ಯಾಯವಲ್ಲ. ಇಲ್ಲಿ ನನ್ನ ಶಾಸ್ತ್ರಕ್ಕೆ ಸೇರಿದ ವಿಷಯವೊಂದು ಬರುತ್ತದೆ. 1992ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಬೆಲೆಯ ಮೇಲಿದ್ದ ಹತೋಟಿಯನ್ನು ತೆಗೆಯಿತು. ಯೂರಿಯಾವನ್ನು ಹತೋಟಿಯಲ್ಲೇ ಇಟ್ಟುಕೊಂಡಿತು. 2010ರ ಏಪ್ರಿಲಿನಲ್ಲಿ ಪೋಷಕಾಂಶವನ್ನು ಆಧರಿಸಿದ ಸಹಾಯಧನದ ಪದ್ಧತಿ ಬಂದಾಗಲೂ ಯೂರಿಯಾ ಹೊರಗೇ ಉಳಿಯಿತು. ಆ ಪದ್ಧತಿ ಬರುವುದಕ್ಕೆ ಮುಂಚೆ ಯೂರಿಯಾದ ಬೆಲೆ ಟನ್ನಿಗೆ 4,830 ರೂಪಾಯಿ, ಮ್ಯೂರಿಯೇಟ್ ಆಫ್ ಪೊಟ್ಯಾಷಿನದು 4,455 ರೂಪಾಯಿ. ಪೊಟ್ಯಾಷೇ ಸ್ವಲ್ಪ ಅಗ್ಗ! ಈಗ 45 ಕಿಲೋ ಯೂರಿಯಾ ಚೀಲಕ್ಕೆ 266 ರೂಪಾಯಿ 50 ಪೈಸೆ. 50 ಕಿಲೋ ಡಿ.ಎ.ಪಿ.ಗೆ 1,350, ಅಷ್ಟೇ ತೂಕದ ಪೊಟ್ಯಾಷ್ ಒಂದೂವರೆ ಸಾವಿರದ ಆಚೀಚೆ. ಲೆಕ್ಕ ಹಾಕಿದರೆ ಒಂದು ಕಿಲೋ ಸಾರಜನಕಕ್ಕೆ ಸುಮಾರು 13 ರೂಪಾಯಿ, ಒಂದು ಕಿಲೋ ಪೊಟ್ಯಾಷಿಗೆ ಸುಮಾರು 50 ರೂಪಾಯಿ ಬೀಳುತ್ತದೆ. ಪೊಟ್ಯಾಷಿನ ಗಣಿ ನಮ್ಮ ದೇಶದಲ್ಲಿ ನಡೆಯುತ್ತಿಲ್ಲ. ಬೇಕಾದುದೆಲ್ಲ ಹಡಗಿನಲ್ಲೇ ಬರಬೇಕು. ಹೊರದೇಶದ ಬೆಲೆ ಏರಿದರೆ ಸಾಸಲಿನ ರಾಗಿಗೂ ಬಿಸಿ ತಟ್ಟುತ್ತದೆ. ಅಗ್ಗವಾದುದನ್ನು ಹೆಚ್ಚಾಗಿಯೂ ದುಬಾರಿಯಾದುದನ್ನು ಕಡಿಮೆಯಾಗಿಯೂ ಕೊಳ್ಳುವುದು ಬೇಡಿಕೆಯ ನಿಯಮ. ಅದನ್ನು ನಮಗೆ ಮೊದಲನೆಯ ವರ್ಷದಲ್ಲೇ ಕಲಿಸುತ್ತಾರೆ. ನಮ್ಮ ತಂದೆಯವರು ಅದನ್ನು ಪುಸ್ತಕವಿಲ್ಲದೆ ಪಾಲಿಸುತ್ತಾರೆ. ಬೆಲೆಯೇ ಬೇಸಾಯಗಾರನ ಕೈ ಹಿಡಿದು ಯೂರಿಯಾದ ಕಡೆಗೆ ಎಳೆಯುತ್ತಿರುವಾಗ, ಸಮತೋಲನ ಗೊಬ್ಬರ ಬಳಸಿರೆಂದು ಗೋಡೆಯ ಮೇಲೆ ಬರೆಸಿದರೆ ಏನು ಪ್ರಯೋಜನ?

ಸೀಮೆಗೊಬ್ಬರದಿಂದ ಭೂಮಿ ಕೆಟ್ಟಿತು ಎಂದು ಹಿರಿಯರು ಹೇಳುತ್ತಾರೆ. ಗೊಬ್ಬರದಂಗಡಿಯವರು ಅದಿಲ್ಲದೆ ಬೆಳೆಯೇ ಇಲ್ಲ ಎನ್ನುತ್ತಾರೆ. ಇಬ್ಬರದೂ ಅರ್ಧ ಸತ್ಯ. ಈ ವಾದವನ್ನು ಬಾಯಿಮಾತಿನಲ್ಲಿ ತೀರಿಸುವ ಅಗತ್ಯವೇ ಇಲ್ಲ. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಕೆಂಪು ಮಣ್ಣಿನಲ್ಲಿ, ಎಂದರೆ ನಮ್ಮ ಮಣ್ಣಿನ ಸೋದರನಲ್ಲಿ, ದಶಕಗಟ್ಟಲೆ ಪರೀಕ್ಷೆಯಾಗಿದೆ. 1978ರಲ್ಲಿ ಒಣಬೇಸಾಯದ ರಾಗಿಯ ಮೇಲೆ ಒಂದು ಪ್ರಯೋಗ ಆರಂಭವಾಯಿತು. ಒಂದು ತಾಕಿಗೆ ಏನೂ ಹಾಕದೆ, ಒಂದಕ್ಕೆ ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರ ಮಾತ್ರ, ಒಂದಕ್ಕೆ ಸೀಮೆಗೊಬ್ಬರ ಮಾತ್ರ, ಇನ್ನೆರಡಕ್ಕೆ ಕೊಟ್ಟಿಗೆ ಗೊಬ್ಬರದ ಜೊತೆಗೆ ಸೀಮೆಗೊಬ್ಬರದ ಅರ್ಧ ಪಾಲು ಅಥವಾ ಪೂರ್ತಿ ಪಾಲು, ಹೀಗೆ ವರ್ಷವರ್ಷವೂ ತಪ್ಪದೆ ಹಾಕುತ್ತ ಬಂದರು. ಬರಿಗೈ ತಾಕು ತೀರ ಸೊರಗಿತು. ಸೀಮೆಗೊಬ್ಬರ ಮಾತ್ರ ಪಡೆದ ತಾಕು ಮೊದಮೊದಲು ಚೆನ್ನಾಗಿಯೇ ಕೊಟ್ಟು, ಕಾಲ ಕಳೆದಂತೆ ಇಳಿಯತೊಡಗಿತು. ಎರಡನ್ನೂ ಕೂಡಿಸಿ ಪಡೆದ ತಾಕು ಎಲ್ಲಕ್ಕಿಂತ ಹೆಚ್ಚಾಗಿಯೂ, ಮಳೆ ಕೈಕೊಟ್ಟ ವರ್ಷಗಳಲ್ಲಿ ಕೂಡ ಉಳಿದವಕ್ಕಿಂತ ಸ್ಥಿರವಾಗಿಯೂ ಬೆಳೆಯಿತು. ರಾಗಿ ಮತ್ತು ಮುಸುಕಿನ ಜೋಳದ ಮೇಲೆ 1986ರಲ್ಲಿ ಆರಂಭವಾದ ಇನ್ನೊಂದು ಪ್ರಯೋಗದಲ್ಲಿ ಸಾರಜನಕವೊಂದನ್ನೇ ಪಡೆದ ತಾಕಿನ ಗತಿಯನ್ನು ನಮ್ಮವರು ಕಣ್ಣಾರೆ ನೋಡಬೇಕು. ಮಣ್ಣು ವರ್ಷವರ್ಷಕ್ಕೂ ಹುಳಿಯಾಗುತ್ತ ಹೋಗಿ ಬೆಳೆ ಕುಸಿಯಿತು. ಮೂರೂ ಅಂಶಗಳ ಜೊತೆಗೆ ಕೊಟ್ಟಿಗೆ ಗೊಬ್ಬರವನ್ನೂ ಸುಣ್ಣವನ್ನೂ ಪಡೆದ ತಾಕು ಎದೆಯುಬ್ಬಿಸಿ ನಿಂತಿತು. ಭೂಮಿಯನ್ನು ಕೆಡಿಸಿದ್ದು ಸೀಮೆಗೊಬ್ಬರವೆಂಬ ಜಾತಿಯಲ್ಲ. ಒಂದೇ ಚೀಲಕ್ಕೆ ಎಲ್ಲ ಕೆಲಸವನ್ನೂ ಹೊರಿಸಿದ ನಮ್ಮ ಪದ್ಧತಿ. ಸಾವಯವ ಪದಾರ್ಥವಿದ್ದರೆ ತಾನೆ ಕೆಂಪು ಮಣ್ಣಿನ ಸಣ್ಣ ಹೊಟ್ಟೆ ಸ್ವಲ್ಪ ದೊಡ್ಡದಾಗುವುದು, ನೀರೂ ಸಾರವೂ ಅದರಲ್ಲಿ ನಿಲ್ಲುವುದು.

ಆದರೆ ಎಕರೆಗೆ ನಾಲ್ಕು ಟನ್ ಗೊಬ್ಬರ, ಎಂದರೆ ಸುಮಾರು ಎಂಟು ಎತ್ತಿನ ಗಾಡಿ, ಎಲ್ಲಿಂದ ತರುವುದು? ಇದೇ ನಮ್ಮ ಹೋಬಳಿಯ ನಿಜವಾದ ತೊಡಕು. ಉಳುವ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು ಬಂತು. ಅದು ಸಗಣಿ ಹಾಕುವುದಿಲ್ಲ. ಮನೆಗೆ ಎರಡು ಸೀಮೆಹಸು ಇದ್ದರೂ ಅವುಗಳ ಗೊಬ್ಬರ ತೋಟದ ಬೆಳೆಗೆ, ಇಲ್ಲವೆ ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ಮಾರಾಟಕ್ಕೆ. ರಾಗಿ ಹುಲ್ಲನ್ನೂ ಹೊರೆಗಟ್ಟಿ ಊರಾಚೆ ಮಾರುವುದುಂಟು. ರಾಗಿ ಹೋಯಿತು, ಹುಲ್ಲು ಹೋಯಿತು, ಸಗಣಿಯೂ ಹೋಯಿತು. ಹೊಲಕ್ಕೆ ಹಿಂದಿರುಗಿದ್ದು ಒಂದು ಚೀಲ ಯೂರಿಯಾ. ಖಾತೆಯಲ್ಲಿ ಹತ್ತು ಬಗೆಯ ಖರ್ಚು ಬರೆದು ಒಂದೇ ಬಗೆಯ ಜಮಾ ಬರೆದರೆ ಯಾವ ಶ್ಯಾನುಭೋಗನೂ ಒಪ್ಪಲಾರ. ಬೆಂಗಳೂರು ದಿನೇ ದಿನೇ ಹತ್ತಿರ ಸರಿಯುತ್ತಿದೆ. ಹೊಲ ಮಾರಿದವನಿಗೆ ಈ ಲೆಕ್ಕ ಬೇಡ; ಮಾರದೆ ಉಳಿಸಿಕೊಂಡವನಿಗೆ, ಮಾರದೆ ಉಳಿಯುವ ಬಲ ಬರುವುದೇ ಈ ಲೆಕ್ಕದಿಂದ.

ನಮ್ಮ ಮಣ್ಣಿನ ಕೊರತೆಗಳು ಮೂರಕ್ಕೇ ಮುಗಿಯುವುದಿಲ್ಲ. 2009ರಲ್ಲಿ ಕರ್ನಾಟಕ ಸರ್ಕಾರವು ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ನೆರವಿನಿಂದ ಕೈಗೊಂಡ ಭೂಚೇತನ ಕಾರ್ಯಕ್ರಮದ ಮಣ್ಣು ಪರೀಕ್ಷೆಗಳಲ್ಲಿ, ರಾಜ್ಯದ ಮಳೆಯಾಶ್ರಿತ ಹೊಲಗಳು ಗಂಧಕ, ಸತು, ಬೋರಾನುಗಳಲ್ಲಿ ವ್ಯಾಪಕವಾಗಿ ಬಡವಾಗಿರುವುದು ತಿಳಿದುಬಂತು. ಯಾವ ಹೊಲದಲ್ಲಿ ಯಾವುದು ಕಡಿಮೆ ಎಂಬುದು ಪರೀಕ್ಷೆಯಿಲ್ಲದೆ ತಿಳಿಯದು. ಬೋರಾನನ್ನಂತೂ ಊಹೆಯ ಮೇಲೆ ಹಾಕಲೇಬಾರದು. ಅಳತೆ ಮೀರಿದರೆ ಅದೇ ವಿಷ.

2015ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಮಣ್ಣು ಆರೋಗ್ಯ ಚೀಟಿಯ ಯೋಜನೆಯನ್ನು ಆರಂಭಿಸಿತು. 12 ಬಾಬುಗಳು ಆ ಚೀಟಿಯಲ್ಲಿರುತ್ತವೆ. ನಮ್ಮ ಮನೆಗೂ ಒಂದು ಬಂದಿತ್ತು. ತಂದೆಯವರು ಅದನ್ನು ಪಹಣಿ ಕಾಗದಗಳ ಜೊತೆ ಪೆಟ್ಟಿಗೆಯಲ್ಲಿ ಭದ್ರವಾಗಿ ಇಟ್ಟಿದ್ದರು. ಬೆಲೆಯುಳ್ಳ ಕಾಗದವೆಂಬುದು ಅವರಿಗೆ ಗೊತ್ತು. ಅದರಲ್ಲಿ ಏನಿದೆಯೆಂಬುದನ್ನು ಓದಿ ಹೇಳಬೇಕಾದವನು ನಾನು. ನಮ್ಮ ಮನೆಯಲ್ಲಿ ಇಂಥ ಕಾಗದ ಓದುವ ಮಟ್ಟಿಗೆ ಕಲಿತವನು ನಾನೇ ಮೊದಲಿಗ. "ಅಪ್ಪಾ, ಸಾವಯವ ಇಂಗಾಲ 0.38 ಅಂತ ಇದೆ, ಅರ್ಧಕ್ಕಿಂತ ಕಡಿಮೆ ಇದ್ರೆ ಬಡಮಣ್ಣು ಅಂತ" ಎಂದೆ. "ಅದು ನನಗೆ ಗೊತ್ತಿಲ್ವೇನಪ್ಪ, ನೇಗಿಲು ಹೇಳ್ತದೆ" ಎಂದರು. ಮುಂದೆ ಓದಿದೆ: ಸಾರಜನಕ ಕಡಿಮೆ, ಪೊಟ್ಯಾಷ್ ಮಧ್ಯಮ, ಬೋರಾನ್ ಕಡಿಮೆ, ರಸಸಾರ 5.8 ಎಂದರೆ ಸ್ವಲ್ಪ ಹುಳಿ. ರಂಜಕ ಮಾತ್ರ ಹೆಚ್ಚು. ವರ್ಷ ವರ್ಷವೂ ಡಿ.ಎ.ಪಿ. ಸುರಿದುದರ ಫಲ ಅದು. ಕೆಂಪು ಮಣ್ಣು ಹಿಡಿದಿಟ್ಟುಕೊಂಡದ್ದು ಅಲ್ಲೇ ಕೂತಿದೆ. ಇದನ್ನು ಕೇಳಿ ತಂದೆಯವರು ಸುಮ್ಮನಾದರು. ನೇಗಿಲು ಅದನ್ನು ಹೇಳಿರಲಿಲ್ಲ.

ಚೀಟಿಯ ಅಂಕಿಗಳನ್ನು ಓದಲು ಕೆಲವು ಮೈಲಿಗಲ್ಲುಗಳು ಗೊತ್ತಿದ್ದರೆ ಸಾಕು. ಸಾವಯವ ಇಂಗಾಲ ನೂರಕ್ಕೆ 0.5ಕ್ಕಿಂತ ಕಡಿಮೆಯಿದ್ದರೆ ಕೊರತೆ, 0.75ರ ಮೇಲಿದ್ದರೆ ಸಮೃದ್ಧಿ. ಗಿಡಕ್ಕೆ ದೊರೆಯುವ ಸಾರಜನಕ ಹೆಕ್ಟೇರಿಗೆ 280 ಕಿಲೋಗಿಂತ ಕೆಳಗಿದ್ದರೆ ಕಡಿಮೆ ಎನ್ನುತ್ತಾರೆ. ರಸಸಾರ 6.5ರಿಂದ 7.5ರ ನಡುವೆ ಇದ್ದರೆ ಒಳ್ಳೆಯದು. ಅದಕ್ಕಿಂತ ಬಹಳ ಇಳಿದರೆ ಸುಣ್ಣ ಬೇಕಾಗುತ್ತದೆ. ಯಾವುದಾದರೂ ಅಂಶ ಕಡಿಮೆಯಿದ್ದರೆ ಶಿಫಾರಸಿಗಿಂತ ಕಾಲು ಪಾಲು ಹೆಚ್ಚಿಸುವುದು, ಹೆಚ್ಚಿದ್ದರೆ ಕಾಲು ಪಾಲು ಇಳಿಸುವುದು ಸಾಮಾನ್ಯವಾಗಿ ಅನುಸರಿಸುವ ಕ್ರಮ. ನಮ್ಮ ಹೊಲದ ಒಂದು ಎಕರೆಯಲ್ಲಿ ಹೋದ ಮುಂಗಾರಿಗೆ ಹಾಗೆಯೇ ಮಾಡಿದೆವು, ಡಿ.ಎ.ಪಿ.ಯನ್ನು ಕಾಲು ಪಾಲು ಇಳಿಸಿ, ಅದರಲ್ಲಿ ತಪ್ಪಿದ ಸಾರಜನಕಕ್ಕೂ ಮಣ್ಣಿನ ಕೊರತೆಗೂ ತಕ್ಕಷ್ಟು ಯೂರಿಯಾವನ್ನು ಎರಡು ಸಲಕ್ಕೆ ಹಂಚಿ, ಪೊಟ್ಯಾಷನ್ನು ತಪ್ಪಿಸದೆ, ಇದ್ದಷ್ಟು ತಿಪ್ಪೆಯನ್ನು ಆ ಎಕರೆಗೇ ಹೊಡೆದೆವು. ಪಕ್ಕದ ಎಕರೆಯನ್ನು ತಂದೆಯವರು ತಮ್ಮ ಪದ್ಧತಿಯಲ್ಲೇ ಬಿತ್ತಿದರು. ಕಣದಲ್ಲಿ ತೂಗಿದಾಗ ಒಂದೂವರೆ ಮೂಟೆ ನಮ್ಮ ಕಡೆ ಹೆಚ್ಚು. ಒಂದು ವರ್ಷದ ಬೆಳೆಯಿಂದ ಸಿದ್ಧಾಂತ ಕಟ್ಟಲಾಗದು. ತಿಪ್ಪೆಯ ಪಾಲು ಎಷ್ಟು, ಚೀಟಿಯ ಪಾಲು ಎಷ್ಟು ಎಂದು ಬೇರ್ಪಡಿಸಿ ಹೇಳುವುದೂ ಸಾಧ್ಯವಿಲ್ಲ. ತಂದೆಯವರು ಬರುವ ವರ್ಷ ಎರಡು ಎಕರೆಯಲ್ಲಿ ಮಾಡಿ ನೋಡೋಣ ಎಂದಿದ್ದಾರೆ. ಮಿಕ್ಕ ಅರ್ಧ ಎಕರೆಯನ್ನು ತಮ್ಮ ಪದ್ಧತಿಗೇ ಉಳಿಸಿಕೊಂಡಿದ್ದಾರೆ. ಅದು ಸರಿಯಾದ ಎಚ್ಚರಿಕೆಯೆಂದೇ ನನಗೂ ತೋರುತ್ತದೆ.

ನಮ್ಮ ಕಾಲೇಜಿನ ಮಿತ್ರರಲ್ಲಿ ಎಷ್ಟೋ ಮಂದಿಯ ಮನೆಯ ಪೆಟ್ಟಿಗೆಯಲ್ಲಿ ಇಂಥ ಚೀಟಿ ಇದ್ದೀತು. ಅದನ್ನು ಹೊರತೆಗೆದು ಮನೆಯವರೆದುರು ಗಟ್ಟಿಯಾಗಿ ಓದಲು ಬಿ.ಎಸ್ಸಿ. ಪದವಿಯೇ ಬೇಕೆಂದಿಲ್ಲ. ಚೀಟಿ ಇಲ್ಲದವರು, ಅಥವಾ ಇರುವುದು ಮೂರು ವರ್ಷಕ್ಕಿಂತ ಹಳೆಯದಾದವರು ಹೊಸದಾಗಿ ಮಣ್ಣು ಕೊಡಬೇಕು. ಪರೀಕ್ಷೆ ಎಷ್ಟೇ ಒಳ್ಳೆಯದಾದರೂ ಮಣ್ಣು ತೆಗೆದ ರೀತಿ ಕೆಟ್ಟರೆ ಅಂಕಿಗಳೆಲ್ಲ ಸುಳ್ಳಾಗುತ್ತವೆಯಾದುದರಿಂದ ಆ ಕ್ರಮವನ್ನು ಇಲ್ಲಿ ಬರೆದುಬಿಡುತ್ತೇನೆ.

ಬೇಸಿಗೆಯಲ್ಲಿ, ಗೊಬ್ಬರ ಹೊಡೆಯುವ ಮೊದಲು, ಹೊಲದಲ್ಲಿ ಹಾವಿನ ನಡೆಯಂತೆ ಅಡ್ಡಾದಿಡ್ಡಿಯಾಗಿ ನಡೆಯುತ್ತ ಹತ್ತು ಹದಿನೈದು ಕಡೆ ಗುರುತು ಮಾಡಿಕೊಳ್ಳಬೇಕು. ಬದುವಿನ ಪಕ್ಕ, ಮರದ ನೆರಳು, ತಿಪ್ಪೆ ಇದ್ದ ಜಾಗ, ನೀರು ನಿಲ್ಲುವ ತಗ್ಗು ಇವನ್ನು ಬಿಡಬೇಕು. ಗುರುತಿನಲ್ಲಿ ಮೇಲಿನ ಕಸ ಸರಿಸಿ, ಗುದ್ದಲಿಯಿಂದ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ, ಎಂದರೆ ಆರು ಅಂಗುಲ ಆಳಕ್ಕೆ, ಮೇಲೆ ಅಗಲ ಕೆಳಗೆ ಕಿರಿದಾಗುವಂತೆ ಗುಳಿ ತೆಗೆದು, ಅದರ ಒಂದು ಪಕ್ಕದಿಂದ ಮೇಲಿನಿಂದ ಕೆಳಗಿನವರೆಗೆ ಒಂದಂಗುಲ ದಪ್ಪನಾಗಿ ಮಣ್ಣನ್ನು ಕೆರೆದುಕೊಳ್ಳಬೇಕು. ಎಲ್ಲ ಗುಳಿಗಳ ಮಣ್ಣನ್ನೂ ಗೋಣಿತಟ್ಟಿನ ಮೇಲೆ ಹರಡಿ, ಹೆಂಟೆ ಪುಡಿ ಮಾಡಿ, ಕಲ್ಲು ಬೇರು ಆರಿಸಿ, ಕಲಸಿ, ದುಂಡಗೆ ಹರಡಿ ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲನ್ನು ತೆಗೆದುಹಾಕಬೇಕು. ಹೀಗೆ ಮಾಡುತ್ತ ಅರ್ಧ ಕಿಲೋ ಉಳಿಯುವವರೆಗೆ ಇಳಿಸಬೇಕು. ಬಿಸಿಲಿನಲ್ಲಲ್ಲ, ನೆರಳಿನಲ್ಲಿ ಒಣಗಿಸಿ, ಶುಭ್ರವಾದ ಬಟ್ಟೆಯ ಚೀಲಕ್ಕೆ ತುಂಬಬೇಕು. ಯೂರಿಯಾದ ಖಾಲಿ ಚೀಲಕ್ಕೆ ಎಂದೂ ತುಂಬಬಾರದು. ಒಳಗೆ ಒಂದು ಚೀಟಿಯಲ್ಲಿ ಹೆಸರು, ಊರು, ಸರ್ವೆ ನಂಬರು, ಹಿಂದಿನ ಬೆಳೆ, ಮುಂದೆ ಬಿತ್ತಲಿರುವ ಬೆಳೆ, ನೀರಾವರಿಯೋ ಮಳೆಯಾಶ್ರಯವೋ ಎಂಬುದನ್ನು ಬರೆದಿಡಬೇಕು. ಚೀಲವನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕೊಡಬಹುದು. ನಮ್ಮ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ವಿಚಾರಿಸಬಹುದು. ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಪರೀಕ್ಷೆಗಳು ಮುಗಿದಿರುತ್ತವೆ, ಹೊಲಗಳೂ ಬರಿದಾಗಿರುತ್ತವೆ. ಮೊದಲ ಮಳೆಗೆ ಇನ್ನೂ ಕೆಲವು ವಾರ ಉಳಿದಿರುತ್ತದೆ.